ಬರೆದರೆ ಬೇಯುವ ಬೇಳೆ

ನಮ್ಮ ಊರಿನಲ್ಲಿ ಬರೆಯದವರ ಬೇಳೆ ಬೇಯುವುದಿಲ್ಲ. ಇದನ್ನು ಬರೀ ಗಾದೆಯೆಂದು ತಿಳಿದು ಹಲ್ಲು ಮುರಿದುಕೊಂಡ ಹೊರಗಿನವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳುತ್ತಿರುವುದು ತೊಗರಿಬೇಳೆಯ ಮಾತು. ಮನೆಯಲ್ಲಿ ಯಾರಾದರೊಬ್ಬರು ಆ ದಿನ ಹೊಸದಾಗಿ ಒಂದು ಪುಟ ಬರೆದಿದ್ದರೆ ಬೇಳೆ ಬೆಣ್ಣೆಯಾಗುತ್ತದೆ. ಬರೆಯದಿದ್ದರೆ ಕುಕ್ಕರು ಸಂಜೆಯವರೆಗೆ ಕೂಗಿಕೊಂಡರೂ ಗೋಲಿಯ ಹಾಗೆ ಉಳಿಯುತ್ತದೆ. ಅಕ್ಕಿ ಬೇಯುತ್ತದೆ, ತರಕಾರಿ ಬೇಯುತ್ತದೆ, ಅವಕ್ಕೆ ಸಾಹಿತ್ಯದ ಗೊಡವೆಯಿಲ್ಲ. ತೊಗರಿ, ಕಡಲೆ, ಹೆಸರು ಮಾತ್ರ ಪುಟ ಕೇಳುತ್ತವೆ. ಹಳೆಯದನ್ನೇ ನಕಲು ಮಾಡಿದರೆ ಮೇಲೆ ಬೆಂದು ಒಳಗೆ ಹಸಿ. ಪಕ್ಕದ ಮನೆಯಿಂದ ಬಟ್ಟಲಲ್ಲಿ ಸಾರು ತಂದರೆ ನಮ್ಮ ಹೊಸ್ತಿಲು ದಾಟುವಷ್ಟರಲ್ಲಿ ಬೇಳೆ ಮತ್ತೆ ಕಾಳುಕಾಳಾಗಿ ತಳಕ್ಕೆ ಕೂರುತ್ತದೆ. ಹಾಗಾಗಿ ಬೀದಿಯಲ್ಲಿ ಎದುರಾದವರನ್ನು ಇಲ್ಲಿ ಯಾರೂ "ಊಟ ಆಯ್ತಾ" ಎಂದು ಕೇಳುವುದಿಲ್ಲ. "ಬರೆದಾಯ್ತಾ" ಎನ್ನುತ್ತಾರೆ.

ಊರಿನ ಜನಕ್ಕೆ ಇದು ಹಲ್ಲುಜ್ಜುವಷ್ಟೇ ಸಹಜ. ಬಟ್ಟೆ ಅಂಗಡಿಯ ರುದ್ರಪ್ಪ ದಿನವೂ ಎದುರಂಗಡಿಯವನ ಮೇಲೆ ಒಂದು ಪುಟ ಗೀಚಿ ಶಟರ್ ಎತ್ತುತ್ತಾನೆ. ಹಾಲು ಮಾರುವ ಲಲಿತಮ್ಮ ತನ್ನ ಎಮ್ಮೆಯ ಕೊಬ್ಬಿನ ಮೇಲೆ ಬರೆಯುತ್ತಾಳೆ. ಅವರಲ್ಲಿ ಯಾರೂ ತಮ್ಮನ್ನು ಲೇಖಕರು ಎಂದುಕೊಂಡವರಲ್ಲ. ಅವರ ಬೇಳೆ ಅಷ್ಟು ಚೆನ್ನಾಗಿ ಬೇಯಲು ಬಹುಶಃ ಅದೇ ಕಾರಣ.

ನಮ್ಮ ಮನೆಯಲ್ಲಿ ಬರೆಯುತ್ತಿದ್ದವರು ನನ್ನ ಅತ್ತೆ ತಿರುಮಲಮ್ಮ. ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿ, ಒಂದು ಮೊಂಡು ಪೆನ್ಸಿಲ್ಲು, ಅಡುಗೆಮನೆಯ ಹೊಸ್ತಿಲು, ಇಷ್ಟೇ ಅವರ ಸಲಕರಣೆ. ವಸ್ತುವನ್ನು ಹುಡುಕಿಕೊಂಡು ಅವರು ಎಲ್ಲಿಗೂ ಹೋದವರಲ್ಲ. ವಸ್ತು ಅವರ ಮುಂದೆಯೇ ಒಲೆ ಹಚ್ಚುತ್ತಾ ನಿಂತಿರುತ್ತಿತ್ತು. ನಾನು ಹಾಲು ಉಕ್ಕಿಸಿದ್ದು, ನಾನು ತವರಿಗೆ ಫೋನು ಮಾಡಿದ್ದು, ನಾನು ಸೆರಗು ಸಿಕ್ಕಿಸಿಕೊಂಡ ರೀತಿ. ಮದುವೆಯಾಗಿ ಬಂದ ದಿನದಿಂದ ಅವರು ಕಣ್ಣು ಮುಚ್ಚುವವರೆಗೆ ಈ ಮನೆಯ ಬೇಳೆ ನನ್ನ ತಪ್ಪುಗಳ ಮೇಲೆಯೇ ಬೆಂದಿತು. ಒಂದು ದಿನವೂ ಗಟ್ಟಿ ಉಳಿಯಲಿಲ್ಲ. ನಾನು ಅಷ್ಟು ಫಲವತ್ತಾದ ಸೊಸೆ.

ಅವರು ತೀರಿಕೊಂಡು ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಒಲೆಯ ಮೇಲಿಟ್ಟ ಬೇಳೆ ಹಾಗೇ ಕೂತಿತು. ನನ್ನ ಗಂಡ ಸೇತುರಾಮರು ಪಾತ್ರೆಯೊಳಗೆ ಇಣುಕಿ, ಗಂಟಲು ಸರಿಪಡಿಸಿಕೊಂಡು ಹೇಳಿದರು: "ಯೋಚ್ನೆ ಮಾಡ್ಬೇಡ ಗಿರಿಜಾ. ಇನ್ಮೇಲೆ ನಾನು ಬರೀತೀನಿ."

ಅವರು ಸಕ್ಕರೆ ಕಾರ್ಖಾನೆಯ ಕಚೇರಿಯಿಂದ ಆಗಷ್ಟೇ ನಿವೃತ್ತರಾಗಿದ್ದರು. ಟೈಮ್ ಒಂದು ಸಿಕ್ಕಿದ್ದರೆ ನಾನು ದೊಡ್ಡ ಕಾದಂಬರಿ ಬರೆಯುತ್ತಿದ್ದೆ ಎಂದು ಕೆಲಸದಲ್ಲಿದ್ದಷ್ಟು ಕಾಲ ಹೇಳಿಕೊಂಡು ಬಂದವರು. ಈಗ ಟೈಮ್ ಸಿಕ್ಕಿತ್ತು. ಪಾಪ, ಅದು ಅವರಿಗೆ ದೊಡ್ಡ ಆಘಾತ.

"ಅತ್ತೆ ಥರಾನೇ ಒಂದು ಪುಟ ಗೀಚಿಬಿಡಿ, ಸಾಕು," ಎಂದೆ.

"ಅಮ್ಮ ಬರೀತಿದ್ದದ್ದು ಚಾಡಿ ಕಣೆ. ಸಾಹಿತ್ಯ ಅಂದ್ರೆ ಬೇರೆ."

"ಚಾಡೀಲಿ ಬೇಳೆ ಬೇಯ್ತಿತ್ತಲ್ಲ."

"ಬೇಳೆಗೇನ್ ಗೊತ್ತು?" ಎಂದರು. ನನ್ನ ಗಂಡನ ಪ್ರಕಾರ ಬೇಳೆಗೆ ಗೊತ್ತಿಲ್ಲದ್ದು ಬಹಳವಿತ್ತು.

ಮೊದಲು ಮೇಜು ಬಂತು. ಕಿಟಕಿಯ ಪಕ್ಕ ಇಟ್ಟರೆ ಗಮನ ಚದುರುತ್ತದೆಂದು ಗೋಡೆಗೆ ತಿರುಗಿಸಿದರು. ಗೋಡೆಗೆ ತಿರುಗಿಸಿದರೆ ಉಸಿರು ಕಟ್ಟುತ್ತದೆಂದು ಮತ್ತೆ ಕಿಟಕಿಗೆ. ಆಮೇಲೆ ಪೆನ್ನು, ಆಮೇಲೆ ಬೆನ್ನಿಗೆ ದಿಂಬು. ಬಾಗಿಲಿಗೆ "ಬರವಣಿಗೆ ನಡೆದಿದೆ, ಸದ್ದು ಮಾಡಬೇಡಿ" ಎಂಬ ಬೋರ್ಡು ತೂಗಿತು. ಅದು ಅವರು ಪೂರ್ತಿ ಮಾಡಿದ ಮೊದಲ ವಾಕ್ಯ. ಬೇಳೆ ಅದನ್ನು ಪರಿಗಣಿಸಲಿಲ್ಲ. ಮುಂದೆ ಐಡಿಯಾ ಹುಡುಕಲು ದಿನವೂ ಕೆರೆಯ ಏರಿಯ ಮೇಲೆ ವಾಕಿಂಗ್ ಶುರುವಾಯಿತು. ಹೋಗುವಾಗ ಕೊತ್ತಂಬರಿ ಸೊಪ್ಪು ತನ್ನಿ ಎಂದರೆ ಬರುವಾಗ ಐಡಿಯಾವನ್ನೂ ತರುತ್ತಿರಲಿಲ್ಲ, ಸೊಪ್ಪನ್ನೂ ತರುತ್ತಿರಲಿಲ್ಲ.

ನಾವು ಗೊಜ್ಜು, ತಂಬುಳಿ, ಉಪ್ಪಿನಕಾಯಿ ಅನ್ನಗಳ ಮೇಲೆ ದಿನ ತಳ್ಳುತ್ತಿದ್ದೆವು. ಒಂದು ಮಧ್ಯಾಹ್ನ ಸೇತುರಾಮರು ಹುಣಸೆ ಗೊಜ್ಜನ್ನು ಕಲಸುತ್ತಾ ಬೇಸರದಿಂದ ಹೇಳಿದರು: "ನೀನೇ ಒಂದು ಪುಟ ಬರೆದುಬಿಡೇ, ತಾತ್ಕಾಲಿಕವಾಗಿ. ನಂಗೆ ದೊಡ್ಡದು ಏನೋ ಬರೋ ಹಾಗಿದೆ."

"ಬೇಯಿಸೋದೂ ನಾನೇ, ಬರೆಯೋದೂ ನಾನೇ ಅಂದ್ರೆ ಈ ಮನೇಲಿ ನೀವು ಯಾಕಿದೀರಿ? ರುಚಿ ನೋಡೋಕಾ?" ಎಂದೆ.

ಬರೆಯಲು ನನಗೆ ಬರುತ್ತಿರಲಿಲ್ಲವೆಂದಲ್ಲ. ಅಷ್ಟು ವರ್ಷ ಅತ್ತೆಯ ಪುಟಗಳಿಗೆ ಮನಸ್ಸಿನಲ್ಲೇ ಉತ್ತರ ಬರೆದವಳು ನಾನು, ಕಟ್ಟಿದರೆ ಗ್ರಂಥವಾಗುತ್ತಿತ್ತು. ಆದರೆ ಈ ಊರಿನಲ್ಲಿ ಒಮ್ಮೆ ಪೆನ್ನು ಹಿಡಿದ ಹೆಂಗಸಿನ ಕೈಯಿಂದ ಅದನ್ನು ಮತ್ತೆ ಯಾರೂ ಈಸಿಕೊಂಡದ್ದಿಲ್ಲ. ಸೌಟಿನ ವಿಷಯದಲ್ಲಿ ನನಗೆ ಒಂದು ಸಲ ಆ ಅನುಭವವಾಗಿತ್ತು. ಹಟ ಹಿಡಿದೆ.

ನಮ್ಮ ಒಬ್ಬಳೇ ಮಗಳು ಮೇದಿನಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಅವಳು ಈ ಜಗಳದಲ್ಲಿ ಯಾವ ಪಕ್ಷವನ್ನೂ ವಹಿಸಲಿಲ್ಲ. "ಅಪ್ಪ ಬರೀತೀನಿ ಅಂದಿದಾರಲ್ಲ," ಎಂದು ಡಬ್ಬಿಗೆ ಮೊಸರನ್ನ ತುಂಬಿಕೊಂಡು ಹೊರಟುಬಿಡುತ್ತಿದ್ದಳು. ಅವಳ ಮುಖ ಇಳಿದದ್ದನ್ನು ನಾನು ನೋಡಿದ್ದೆ. ಕೆಲಸದ ಆಯಾಸ ಎಂದುಕೊಂಡೆ.

ಆ ಹೊತ್ತಿಗೆ ಊರಿಗೆ ಪ್ರೇರಣ್ ಸರ್ ಬಂದರು. ಕಡುಹಸಿರು ಜುಬ್ಬಾ, ಕೊರಳಿಗೆ ಕಟ್ಟಿಕೊಂಡ ಮೈಕು. ಸಹಕಾರಿ ಸಂಘದ ಹಾಲ್‌ನಲ್ಲಿ ಶಿಬಿರ: "ಐಡಿಯಾ ನಿಮ್ಮೊಳಗೇ ಇದೆ, ದಿನಕ್ಕೊಂದು ಪುಟ ನಿಮ್ಮ ಕೈಯಲ್ಲೇ ಇದೆ." ಮೊದಲ ದಿನವೇ ಹೋಗಿ ಮುಂದಿನ ಸಾಲಿನಲ್ಲಿ ಕೂತವರು ನಮ್ಮ ಮನೆಯವರು. ಊರಿನ ಎಮ್ಮೆಯವರೂ ಅಂಗಡಿಯವರೂ ತಮ್ಮ ಪಾಡಿಗೆ ಬರೆದು ಉಂಡುಕೊಂಡಿರುವಾಗ, ಬರೆಯುವುದು ಹೇಗೆಂದು ಕಲಿಯಲು ಹೋದದ್ದು ಓದು ಬಲ್ಲ ನಿವೃತ್ತರು ಮಾತ್ರ.

ಸೇತುರಾಮರು ಅಲ್ಲಿಂದ ದಿನಕ್ಕೊಂದು ಹೊಸ ವಿದ್ಯೆ ಹೊತ್ತು ತಂದರು. ಮನಸ್ಸಿಗೆ ಹೊಳೆದದ್ದನ್ನೆಲ್ಲ ಚೀಟಿಯಲ್ಲಿ ಬರೆದು ಹಾಕಲು ಐಡಿಯಾ ಡಬ್ಬಿ ಎಂಬುದೊಂದು ಬೇಕಂತೆ. ನನ್ನ ಚಕ್ಕುಲಿ ಡಬ್ಬಿ ಹೋಯಿತು. ಅದರೊಳಗೆ ಬಿದ್ದ ಚೀಟಿಗಳನ್ನು ನಾನು ಧೂಳು ಹೊಡೆಯುವಾಗ ನೋಡಿದೆ: "ಸಾವು", "ನದಿ", "ಮನುಷ್ಯ ಸಂಬಂಧಗಳು", "ಸಾವು (ಬೇರೆ ಕೋನ)". ಒಂದು ಅಭ್ಯಾಸದ ಬಾಲಕ್ಕೆ ಇನ್ನೊಂದನ್ನು ಕಟ್ಟಬೇಕಂತೆ: ಹಲ್ಲುಜ್ಜಿದ ಮೇಲೆ ಕಾಫಿ, ಕಾಫಿಯಾದ ಮೇಲೆ ಬರವಣಿಗೆ. ಸರಪಳಿ ದಿನವೂ ಕಾಫಿಯವರೆಗೆ ಬಂದು ನಿಲ್ಲುತ್ತಿತ್ತು. ಎಲ್ಲೋ ಕೊಂಡಿ ಸಡಿಲವಾಗಿದೆಯೆಂದು ಇನ್ನೊಂದು ಲೋಟ ಕುಡಿಯುತ್ತಿದ್ದರು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದರೆ ಐಡಿಯಾಗಳು ತಾಜಾ ಇರುತ್ತವೆಂದು ಅಲಾರಂ ಇಟ್ಟರು. ಅದಕ್ಕೆ ನಾನು ಎದ್ದೆ. ಶಿಬಿರ ಮುಗಿದ ದಿನ ಅವರಿಗೆ ಅತ್ಯಂತ ಶಿಸ್ತಿನ ವಿದ್ಯಾರ್ಥಿ ಎಂದು ಪ್ರಮಾಣಪತ್ರ ಕೊಟ್ಟರು. ಆ ದಿನವೂ ನಾವು ಉಪ್ಪಿನಕಾಯಿಯನ್ನೇ ತಿಂದೆವು.

ಮೇದಿನಿಗೆ ಸಂಬಂಧ ಬಂದದ್ದು ಈ ನಡುವೆ. ಹುಡುಗ ಮುಕುಂದ, ಘಟ್ಟದಾಚೆಯ ಊರಿನಲ್ಲಿ ಜಮೀನು ಅಳೆಯುವ ಸರ್ವೇಯರ್. ಅವನ ತಾಯಿ ವನಜಾಕ್ಷಮ್ಮ ಎಲ್ಲವನ್ನೂ ಮುಟ್ಟಿ ನೋಡಿ, ಕೊನೆಗೆ ನಮ್ಮ ಊರಿನ ವಿಚಾರ ಕೇಳಿ ನಕ್ಕರು. "ಬೇಳೆಗೆಲ್ಲ ಬರೀತಾರೇನ್ರೀ? ನಮ್ಮೂರಲ್ಲಿ ಒಲೆ ಮೇಲಿಟ್ರೆ ತಾನೇ ಬೇಯತ್ತೆ. ನಮ್ಮನೆಗೆ ಬಂದ್ಮೇಲೆ ನಿಮ್ಮ ಹುಡುಗಿ ಪೆನ್ನು ಮುಟ್ಟೋ ಹಾಗೇ ಇಲ್ಲ."

ಮೇದಿನಿ ಅಲ್ಲೇ ತಲೆಯೆತ್ತಿ "ನಂಗೆ ಒಪ್ಪಿಗೆ" ಎಂದುಬಿಟ್ಟಳು. ಯಾರೂ ಇನ್ನೂ ಕೇಳಿಯೇ ಇರಲಿಲ್ಲ. ಹುಡುಗಿಗೆ ನಾಚಿಕೆ ಕಡಿಮೆಯೆಂದು ವನಜಾಕ್ಷಮ್ಮನಿಗೆ ಅನ್ನಿಸಿರಬೇಕು. ನನಗೆ ಮಾತ್ರ ಅವಳಿಗೆ ಹುಡುಗ ಹಿಡಿಸಿದ್ದಾನೆಂದು ಸಂತೋಷವಾಯಿತು.

ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಎಂದಾಯಿತು. ಬೇಳೆ ಹೋಳಿಗೆಯೇ ಆಗಬೇಕೆಂದು ಬೀಗರ ಆಸೆ. ಇಲ್ಲಿ ಶುಭಕಾರ್ಯಕ್ಕೆ ಇನ್ನೊಂದು ತೊಡಕಿದೆ. ಯಾರ ಮನೆಯ ಕಾರ್ಯವೋ ಆ ಮನೆಯವರೇ ಪುಟ ಬರೆಯಬೇಕು, ಅಡುಗೆಯವರ ಪುಟ ನಡೆಯುವುದಿಲ್ಲ. ಬರೆದದ್ದನ್ನು ಮುಖ್ಯ ಅತಿಥಿಯೊಬ್ಬರು ಬಡಿಸುವ ಮುಂಚೆ ಎಲ್ಲರೆದುರು ಕೊನೆಯವರೆಗೆ ಓದಬೇಕು. ಓದದೆ ಬಡಿಸಿದರೆ ಬೆಂದ ಬೇಳೆ ಎಲೆಯ ಮೇಲೇ ಕಲ್ಲಾಗುತ್ತದೆ. ಸೇತುರಾಮರು ಮುಖ್ಯ ಅತಿಥಿಯಾಗಿ ಪ್ರೇರಣ್ ಸರ್ ಅವರನ್ನೇ ಕರೆದರು. "ಇಂಥ ದಿನಕ್ಕೇ ನಾನು ಕಾಯ್ತಿದ್ದೆ ಗಿರಿಜಾ. ಒತ್ತಡದಲ್ಲಿ ಐಡಿಯಾ ಸ್ಫೋಟ ಆಗತ್ತೆ ಅಂತ ಸರ್ ಹೇಳಿದಾರೆ."

ಆ ಬೆಳಿಗ್ಗೆ ಅವರು ಹೊಸ ಪಂಚೆಯುಟ್ಟು, ಹಜಾರದ ಮೂಲೆಯಲ್ಲಿ ಮೇಜು ಹಾಕಿಸಿ, ಸುತ್ತ ಪರದೆ ಇಳಿಬಿಟ್ಟು ಒಳಗೆ ಕೂತರು. ಹಿತ್ತಲಲ್ಲಿ ಅಡುಗೆಯ ಸದಾಶಿವ ಕಡಲೆಬೇಳೆಯ ಹಂಡೆಯನ್ನು ಒಲೆಗೇರಿಸಿದ. ಬೀಗರು ಬಂದರು, ಕಾಫಿಯಾಯಿತು, ತಟ್ಟೆಗಳನ್ನು ಜೋಡಿಸಿದ್ದಾಯಿತು. ಸದಾಶಿವ ಸೌಟು ಹಿಡಿದುಕೊಂಡೇ ಬಂದು ನನ್ನ ಕಿವಿಯಲ್ಲಿ ಉಸುರಿದ: "ಅಮ್ಮಾ, ಹಂಡೇಲಿ ಮಣಿ ಸರ ಪೋಣಿಸಬೌದು. ಯಜಮಾನ್ರು ಎಲ್ಲೀತನಕ ಬಂದ್ರು?"

ನಾನು ಪರದೆ ಸರಿಸಿ ನೋಡಿದೆ. ಹಾಳೆಯ ನೆತ್ತಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ "ಬದುಕು: ಒಂದು ಚಿಂತನೆ" ಎಂದಿತ್ತು. ಕೆಳಗೆ ಎರಡು ಗೆರೆ ಎಳೆದಿದ್ದರು. ಮತ್ತೇನೂ ಇರಲಿಲ್ಲ. ಅವರ ಹಣೆಯಿಂದ ಬೆವರು ಇಳಿದು ಚಿಂತನೆಯ ಮೇಲೆ ಬಿದ್ದಿತ್ತು.

"ಶುರು ಮಾಡೋದೊಂದು ಗೊತ್ತಾಗ್ತಿಲ್ಲ ಕಣೆ," ಎಂದರು. ಆಗಲೂ ನನ್ನ ನಾಲಿಗೆಯ ತುದಿಯಲ್ಲಿ ಏನೋ ಕುಟುಕು ಬಂದಿತ್ತು. ನುಂಗಿಕೊಂಡೆ.

ಪ್ರೇರಣ್ ಸರ್ ಅವರನ್ನು ಕರೆದು ತಂದೆ. ಅವರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡಲು ಹೇಳಿದರು. ಇಬ್ಬರೂ ಉಸಿರಾಡಿದರು. ಹಂಡೆಗೆ ಏನೂ ಅನ್ನಿಸಲಿಲ್ಲ.

"ಸರ್, ಮೊದಲ ಎರಡು ಸಾಲು ನೀವೇ ಹೇಳಿಕೊಟ್ಟುಬಿಡಿ," ಎಂದೆ.

ಅವರು ಜುಬ್ಬಾ ಸರಿಮಾಡಿಕೊಂಡು ನಕ್ಕರು. "ನಾನು ಬರೆಯೋನಲ್ಲ ತಾಯಿ, ಬರೆಸೋನು."

"ಮತ್ತೆ ನಿಮ್ಮನೇಲಿ ಬೇಳೆ?"

"ನಾನು ಹೋಟೆಲಲ್ಲಿ. ಇಡ್ಲಿ, ಕಾಯಿಚಟ್ನಿ," ಎಂದು ಮೆಲ್ಲಗೆ ಹೇಳಿ ಅವರು ಕಾಫಿಯ ಕಡೆ ನಡೆದರು.

ಹೊರಗೆ ವನಜಾಕ್ಷಮ್ಮ ಗಡಿಯಾರ ನೋಡಿಕೊಂಡು, ನಮಗೆಲ್ಲ ಕೇಳಿಸುವಷ್ಟೇ ಮೆಲ್ಲಗೆ, ಊಟಕ್ಕೆ ಕರೆದು ಹಸಿದು ಕೂರಿಸುವುದು ಇಲ್ಲಿನ ಪದ್ಧತಿಯಿರಬೇಕು ಎಂದರು. ಎಲ್ಲರೂ ಈಗ ನನ್ನ ಮುಖ ನೋಡುತ್ತಿದ್ದರು. ಒಂದು ಪುಟ ತಾನೇ. ಬರೆದರೆ ಮಗಳ ಮರ್ಯಾದೆ ಉಳಿಯುತ್ತಿತ್ತು. ಬರೆದರೆ ಸಾಯುವ ತನಕ ನಾನೇ ಬರೆಯಬೇಕಿತ್ತು. ಕೈ ಪೆನ್ನಿನ ಕಡೆ ಹೋಗಿದ್ದು ನಿಜ.

ಅಷ್ಟರಲ್ಲಿ ರೇಷ್ಮೆ ಸೀರೆಯ ಸರಬರ ಕೇಳಿಸಿತು. ಮೇದಿನಿ ಪರದೆಯೊಳಗೆ ಬಂದು, "ಏಳಪ್ಪ," ಎಂದಳು. ಸೇತುರಾಮರು ಎದ್ದರು. ಅವಳು ಕೂರಲೂ ಇಲ್ಲ. ಬಾಗಿ, ಚಿಂತನೆಯ ಹಾಳೆಯನ್ನು ಮಗುಚಿ ಹಾಕಿ, ಬಳೆಗಳನ್ನು ಮೇಲಕ್ಕೆ ದಬ್ಬಿಕೊಂಡು ಬರೆಯತೊಡಗಿದಳು. ಎಲ್ಲೂ ನಿಲ್ಲಲಿಲ್ಲ, ಏನನ್ನೂ ಹೊಡೆದುಹಾಕಲಿಲ್ಲ. ಪುಟದ ಕೆಳಅಂಚು ಮುಟ್ಟುತ್ತಿದ್ದಂತೆ ಹಿತ್ತಲಿನಿಂದ ಸದಾಶಿವ ಕೂಗಿದ: "ಬೆಂತು! ಬೆಂತಮ್ಮಾ! ಕರಗಿಹೋಗ್ತಾ ಇದೆ!"

ನಾನು ಓದೋಣವೆಂದು ಕೈ ಚಾಚಿದೆ. ಅವಳು ಹಾಳೆಯನ್ನು ನೇರವಾಗಿ ಪ್ರೇರಣ್ ಸರ್ ಕೈಗೆ ಕೊಟ್ಟಳು.

ಹೋಳಿಗೆ ಬೆಂದು, ಮನೆ ಮುಂದಿನ ಚಪ್ಪರದಲ್ಲಿ ಎಲೆಗಳು ಬಿದ್ದು, ಸೇತುರಾಮರೊಬ್ಬರು ಪರದೆಯ ಹಿಂದೆಯೇ ಉಳಿದು ಮಿಕ್ಕವರೆಲ್ಲ ಕೂತ ಮೇಲೆ ಪ್ರೇರಣ್ ಸರ್ ಮೈಕು ಕಟ್ಟಿಕೊಂಡು ಎದ್ದು ನಿಂತರು. ಓದುವ ಮೊದಲು ಒಮ್ಮೆ ಕಣ್ಣಾಡಿಸಬೇಕೆಂದು ಅವರಿಗೆ ಹೊಳೆಯಲಿಲ್ಲ. ಇಂಪಾದ, ತುಂಬುದನಿಯಲ್ಲಿ, ಕೈಯನ್ನು ಗಾಳಿಯಲ್ಲಿ ತೇಲಿಸುತ್ತಾ ಶುರು ಮಾಡಿದರು: "ನಾನು ಈ ಹುಡುಗನನ್ನು ಒಪ್ಪಿದ್ದು ಅವನ ಊರಿನಲ್ಲಿ ಬೇಳೆ ತಾನಾಗಿ ಬೇಯುತ್ತದೆ ಎಂದು. ಬೇರೆ ಕಾರಣ ಇಲ್ಲ."

ತೇಲುತ್ತಿದ್ದ ಕೈ ಅಲ್ಲೇ ನಿಂತಿತು. ಅವರು ಹಾಳೆ ಮಡಿಸಲು ಹೊರಟರು.

"ನಿಲ್ಲಿಸ್ಬೇಡಿ ಸಾರ್!" ಎಂದು ಸದಾಶಿವ ಹೋಳಿಗೆಯ ತಟ್ಟೆ ಹಿಡಿದು ಅರಚಿದ. "ಹೂರಣ ಗಟ್ಟಿ ಆಗ್ತಿದೆ!"

ಹೋಳಿಗೆ ಕಲ್ಲಾಗುವುದನ್ನು ತಡೆಯಲು ಅವರು ಓದಲೇಬೇಕಾಯಿತು. ಆ ಇಂಪಾದ ದನಿಯನ್ನು ಬಿಟ್ಟರೆ ಅವರಿಗೆ ಬೇರೆ ದನಿಯೂ ಇರಲಿಲ್ಲ. "ಅವನ ಹಲ್ಲು ಸಾಲಾಗಿವೆ. ಅದು ನನಗೆ ಕೆಲಸದ ಅಭ್ಯಾಸದಿಂದ ಕಂಡದ್ದು. ನೋಡಲು ಬಂದ ದಿನ ಅವನ ತಾಯಿ ನನ್ನನ್ನು ನಡೆಸಿ ನೋಡಿದರು, ಹಾಡಿಸಿ ನೋಡಿದರು. ಅವನು ಫ್ಯಾನು ನೋಡುತ್ತಿದ್ದ. ಒಂದು ಮಾತೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಪ್ಪ ಐಡಿಯಾ ಹುಡುಕಲು ಕೆರೆಗೆ ಹೋಗಿದ್ದವರು ಬೀಗರು ಬಂದು ಎಷ್ಟೋ ಹೊತ್ತಾದ ಮೇಲೆ ಬಂದರು. ಅಪ್ಪನಿಗೆ ಬರೆದೇ ತೀರುತ್ತೇನೆಂಬ ಹಟ, ಅಮ್ಮನಿಗೆ ಬರೆಯುವುದೇ ಇಲ್ಲವೆಂಬ ಹಟ. ಇಬ್ಬರದೂ ನ್ಯಾಯವೇ ಇರಬಹುದು. ನಾನು ಎರಡು ನ್ಯಾಯಗಳ ಮಧ್ಯೆ ಕೂತು ಉಪ್ಪಿನಕಾಯಿ ಅನ್ನ ತಿನ್ನುತ್ತೇನೆ. ಸಾರಿಗೋಸ್ಕರ ಮದುವೆಯಾಗಬಾರದು ಎಂದು ನನಗೆ ಗೊತ್ತು. ಆದರೆ ನನಗೆ ಹಸಿವಾಗಿತ್ತು."

ಇಷ್ಟು ಓದಿ ಪ್ರೇರಣ್ ಸರ್ ಅಭ್ಯಾಸಬಲದಿಂದ ಚಪ್ಪಾಳೆಗೆ ಕಾದರು. ಯಾರೂ ತಟ್ಟಲಿಲ್ಲ. ನಾನು ನೆಲ ನೋಡುತ್ತಿದ್ದೆ. ಅತ್ತೆ ನನ್ನ ಮೇಲೆ ಅಷ್ಟು ವರ್ಷ ಬರೆದದ್ದೆಲ್ಲ ಸೇರಿದರೂ ಆ ಕೊನೆಯ ಸಾಲಿನಷ್ಟು ಚುಚ್ಚಿರಲಿಲ್ಲ.

ವನಜಾಕ್ಷಮ್ಮ ಎದ್ದರು. "ಏಳೋ ಮುಕುಂದ. ಇವತ್ತೇ ಹೀಗೆ ಬರೀತಾಳೆ, ನಾಳೆ ನನ್ನ ಮೇಲೆ ಏನೇನ್ ಬರೀತಾಳೋ."

ಮುಕುಂದ ಏಳಲಿಲ್ಲ. ಅಂದು ಮೊದಲ ಸಲ ಅವನ ದನಿ ಕೇಳಿದೆ. "ಎಲೆ ಹಾಕಿದಾರಮ್ಮ. ಊಟ ಮಾಡ್ಕೊಂಡು ಹೋಗೋಣ."

ಬೀಗರ ಕಡೆಯವರು ಅವಮಾನವನ್ನು ಸಹಿಸಿಕೊಂಡು ಊಟಕ್ಕೆ ಕೂತರು. ಮುರಿದುಬಿದ್ದ ಸಂಬಂಧದ ಮನೆಯಲ್ಲಿ ಎರಡನೆಯ ಸಲ ಹೋಳಿಗೆ ಕೇಳಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲವೆಂದು ಕಾಣುತ್ತದೆ. ಮೂರನೆಯ ಸಲಕ್ಕೂ ತಡೆಯಿರಲಿಲ್ಲ. ತುಪ್ಪ ಮುಗಿಯಿತು. ಆಮೇಲೆ ತಂದ ತಟ್ಟೆಗಳನ್ನು ಕಾಯಿ, ಹಣ್ಣು, ಹೂವಿನ ಸಮೇತ ವಾಪಸು ಎತ್ತಿಕೊಂಡು ವ್ಯಾನು ಹತ್ತಿದರು. ಹತ್ತುವ ಮುಂಚೆ ಮುಕುಂದ ಕೈತೊಳೆಯುವ ಕಡೆ ನಿಂತಿದ್ದ ಮೇದಿನಿಯ ಹತ್ತಿರ ಬಂದ. "ಆ ಫ್ಯಾನಿಗೆ ಒಂದು ರೆಕ್ಕೆ ಸೊಟ್ಟಗಿದೆ," ಎಂದ. ಅಷ್ಟೇ ಹೇಳಿ ಹೋದ.

ಪ್ರೇರಣ್ ಸರ್ ಮೂರನೆಯ ದಿನಕ್ಕೆ ಹೊಸ ಶಿಬಿರದ ಬೋರ್ಡು ಹಾಕಿಸಿದರು: "ಹಸಿವು ಮತ್ತು ಸೃಜನಶೀಲತೆ. ಉಪವಾಸವಿದ್ದು ಬರೆಯಿರಿ." ಜನ ಸೇರಿದ್ದಾರೆ. ಮುಕುಂದನಿಗೆ ಮುಂದಿನ ವಾರ ವಿಪರೀತ ಹಲ್ಲುನೋವು ಬಂದು, ಘಟ್ಟ ಹತ್ತಿಳಿದು ನಮ್ಮ ಊರಿನ ಕ್ಲಿನಿಕ್ಕಿಗೇ ತೋರಿಸಲು ಬಂದನಂತೆ. ಅವನ ಊರಿನಲ್ಲಿ ಬೇಳೆ ತಾನಾಗಿ ಬೇಯುತ್ತದೆ, ಹಲ್ಲಿಗೆ ಮಾತ್ರ ಡಾಕ್ಟರು ಇಲ್ಲವೋ ಏನೋ. ಡಾಕ್ಟರು ಎಷ್ಟು ಹುಡುಕಿದರೂ ಹುಳುಕು ಸಿಗಲಿಲ್ಲ ಎಂದು ಮೇದಿನಿ ಹೇಳಿದಳು. ನಗುತ್ತಿದ್ದಳು. ನಾನು ಏನೂ ಕೇಳಲಿಲ್ಲ. ಕೇಳಿದರೆ ಬರೆದುಬಿಟ್ಟಾಳೆಂಬ ಭಯ.

ಆದರೆ ನಾನು ಹೇಳಬೇಕೆಂದಿದ್ದದ್ದು ನಿಶ್ಚಿತಾರ್ಥದ ಮಾರನೆಯ ಬೆಳಗಿನ ಮಾತು. ಮೇದಿನಿ ಚಪ್ಪಲಿ ಮೆಟ್ಟುತ್ತಾ, "ನಿನ್ನೆದು ನನ್ನ ಪುಟ. ಇವತ್ತಿಂದು ನೀವಿಬ್ರೂ ನೋಡ್ಕೊಳ್ಳಿ," ಎಂದು ಹೇಳಿ ಕ್ಲಿನಿಕ್ಕಿಗೆ ಹೋದಳು. ಚಪ್ಪರದವರು ಬಂದು ಕಂಬ ಕೀಳುತ್ತಿದ್ದರು. ಸೇತುರಾಮರು ಕಾಫಿ ಕೇಳಲಿಲ್ಲ. ಹಲ್ಲೂ ಉಜ್ಜಿರಲಿಲ್ಲವೆಂದು ನನ್ನ ಅನುಮಾನ. ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಬೇಳೆ ತೊಳೆದು ಒಲೆಯ ಮೇಲಿಟ್ಟೆ.

"ಇವತ್ತು ನೀವು ಬರೀರಿ," ಎಂದೆ. "ನಾಳೆ ನಾನು ಬರೀತೀನಿ. ನಾಡಿದ್ದು ಮತ್ತೆ ನೀವು."

ಅವರು ನನ್ನನ್ನು ಬೆರಗಾಗಿ ನೋಡಿದರು. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೂ ಆಶ್ಚರ್ಯವೇ.

"ಏನ್ ಬರೀಲಿ?"

"ನಿನ್ನೆ ಪರದೆ ಹಿಂದೆ ನಿಂತು ಕೇಳಿಸ್ಕೊಂಡ್ರಲ್ಲ. ಆಗ ಏನ್ ಅನ್ನಿಸ್ತೋ ಅದನ್ನ."

ಒಲೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಅಂಗಡಿಯಿಂದ ಸಾಮಾನು ಕಟ್ಟಿಕೊಂಡು ಬಂದಿದ್ದ ಕಾಗದವನ್ನು ತೊಡೆಯ ಮೇಲೆ ಸವರಿ ಹರಡಿ, ನನ್ನ ಹಾಲಿನ ಲೆಕ್ಕದ ಪೆನ್ನಿನಲ್ಲಿ ಬರೆಯತೊಡಗಿದರು. ನಡುನಡುವೆ ಮೂಗೊರೆಸಿಕೊಂಡರು. ನಾನು ಒಗ್ಗರಣೆಗೆ ಸಾಸಿವೆ ಹುಡುಕುವ ನೆವದಲ್ಲಿ ಬೆನ್ನು ತಿರುಗಿಸಿ ನಿಂತೆ. ಬೇಳೆ ಬೆಂದಿತು. ಬೆಣ್ಣೆಯಂತೆ ಎನ್ನಲಾರೆ, ಅಲ್ಲಲ್ಲಿ ಕಾಳು ಸಿಗುತ್ತಿತ್ತು. ಮೊದಲ ಸಲದ ಮಟ್ಟಿಗೆ ಅಡ್ಡಿಯಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಕಾಗದವನ್ನು ನನ್ನ ತಟ್ಟೆಯ ಪಕ್ಕಕ್ಕೆ ಸರಿಸಿದರು. ನಾನು ಎಡಗೈಯಲ್ಲಿ ಹಿಡಿದು ಓದಿದೆ. ಮಗಳು ಓದಿಸಿದ ಪುಟ ಕೇಳಿ ಮೊದಲು ತನಗೆ ಹೊಟ್ಟೆಕಿಚ್ಚಾಯಿತು ಎಂದಿತ್ತು. ನಾಚಿಕೆಯಾದದ್ದು ಆಮೇಲೆ ಎಂದಿತ್ತು. ಅಷ್ಟು ವರ್ಷ ಟೈಮಿಲ್ಲ ಎಂದು ಹೇಳಿಕೊಂಡಿದ್ದಾಗ ಎಷ್ಟು ಸುಖವಾಗಿದ್ದೆ ಎಂದೂ ಇತ್ತು. ಅಲ್ಲಿಂದ ಮುಂದೆ ಬದುಕಿನ ಬಗ್ಗೆ ಸ್ವಲ್ಪ ಚಿಂತನೆಗೆ ಇಳಿದಿದ್ದರು. ಕಾಳು ಸಿಕ್ಕಿದ್ದು ಎಲ್ಲಿಂದ ಎಂದು ತಿಳಿಯಿತು. ನಾನು ಕಾಗದ ಕೆಳಗಿಟ್ಟು ಸಾರನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಗಿದೆ?"

"ಉಪ್ಪು ಸ್ವಲ್ಪ ಕಡಿಮೆ."

"ಸಾರಿಗಾ, ಇದಕ್ಕಾ?"

"ಎರಡಕ್ಕೂ," ಎಂದೆ. ಸಾರಿನದ್ದನ್ನು ನಾನು ಹಾಕಿಕೊಂಡೆ.